ಆರು ವರ್ಷ ಬಳಸಿದ ಕ್ಲೌಡ್ ಕ್ಯಾಲೆಂಡರ್: ಸಭೆಯ ಆಹ್ವಾನಗಳು ಎಲ್ಲಿ ಎಡವುತ್ತವೆ

ಮೈಸೂರಿನ ನಮ್ಮ ಕಚೇರಿಯಲ್ಲಿ ಹದಿನಾಲ್ಕು ಮಂದಿ ಕೆಲಸ ಮಾಡುತ್ತೇವೆ. ಯಂತ್ರೋಪಕರಣಗಳ ಕೈಪಿಡಿಗಳನ್ನು ಬರೆದು ಬೇರೆ ಬೇರೆ ಭಾಷೆಗಳಿಗೆ ಅನುವಾದಿಸಿಕೊಡುವುದು ನಮ್ಮ ಕಸುಬು. ಗ್ರಾಹಕರಲ್ಲಿ ಕೆಲವರು ಬೆಂಗಳೂರು ಮತ್ತು ಪುಣೆಯವರು, ಉಳಿದವರು ಶಿಕಾಗೊ ಮತ್ತು ಸ್ಟುಟ್‌ಗಾರ್ಟ್‌ನವರು. ಆದ್ದರಿಂದ ನಮ್ಮ ಸಭೆಗಳೆಲ್ಲ ಆನ್‌ಲೈನ್‌ನಲ್ಲೇ ನಡೆಯುತ್ತವೆ. 2019ರ ಜೂನ್‌ನಿಂದ ಒಂದೇ ಕ್ಲೌಡ್ ಕ್ಯಾಲೆಂಡರ್ ಸೇವೆಗೆ ಚಂದಾ ಕಟ್ಟುತ್ತಿದ್ದೇವೆ. ಅದರ ಉಸ್ತುವಾರಿ ಮೊದಲ ದಿನದಿಂದಲೂ ನನ್ನದು. ಸೇವೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾವು ಕಂಡ ತೊಂದರೆಗಳಲ್ಲಿ ಬಹುಪಾಲು ಆ ಒಂದು ಸೇವೆಯವಲ್ಲ. ಎಲ್ಲ ಕ್ಯಾಲೆಂಡರ್‌ಗಳೂ ಆಹ್ವಾನಗಳನ್ನು ಕಳುಹಿಸಿ ಸ್ವೀಕರಿಸುವ ರೀತಿಯಲ್ಲೇ ಅವುಗಳ ಬೇರು ಇದೆ.

ಮೊದಲಿಗೆ ನನ್ನ ಅಭಿಪ್ರಾಯ. ಕಚೇರಿಯೊಳಗಿನ ಸಭೆಗಳಿಗೆ ಈ ಸೇವೆ ಅತ್ಯಂತ ವಿಶ್ವಾಸಾರ್ಹವಾಗಿದೆ. ಆರು ವರ್ಷಗಳಲ್ಲಿ ನಮ್ಮ ನಮ್ಮಲ್ಲೇ ಕಳುಹಿಸಿಕೊಂಡ ಆಹ್ವಾನ ಕಳೆದುಹೋದದ್ದು ನನ್ನ ನೆನಪಿನಲ್ಲಿಲ್ಲ. ಬೇರೆ ಸೇವೆಯನ್ನು ಬಳಸುವ ಗ್ರಾಹಕರೊಂದಿಗಿನ ಸಭೆಗಳಲ್ಲಿ ಮಾತ್ರ ಎಚ್ಚರ ತಪ್ಪುವಂತಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಸಿಂಕ್, ಅಂದರೆ ಎಲ್ಲ ಕಡೆಯ ಪ್ರತಿಗಳನ್ನು ಒಂದೇ ಆಗಿರುವಂತೆ ಹೊಂದಿಸುವ ಕೆಲಸ, ಎಲ್ಲಿ ಮುರಿದಿದೆ ಎಂಬುದನ್ನು ಈ ಸೇವೆ ಬಳಕೆದಾರನಿಗೆ ತಿಳಿಸುವುದೇ ಇಲ್ಲ. ತಪ್ಪು ಸಂಭವಿಸಿದಾಗ ಪರದೆ ಎಂದಿನಂತೆಯೇ ಇರುತ್ತದೆ, ಸಭೆ ಮಾತ್ರ ಅದರಲ್ಲಿ ಇರುವುದಿಲ್ಲ.

ಈ ವ್ಯತ್ಯಾಸ ಏಕೆಂದು ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು. ಸಭೆಯೆಂಬುದು ಎಲ್ಲೋ ಒಂದು ಕಡೆ ಇಟ್ಟ ಒಂದೇ ದಾಖಲೆ, ನಾವೆಲ್ಲ ಅದನ್ನೇ ನೋಡುತ್ತಿದ್ದೇವೆ ಎಂದು ನಾನು ಭಾವಿಸಿದ್ದೆ. ಒಂದೇ ಸೇವೆಯೊಳಗೆ ಅದು ಬಹುಮಟ್ಟಿಗೆ ನಿಜವೂ ಹೌದು, ಏಕೆಂದರೆ ಅಲ್ಲಿ ಸರ್ವರ್ ತಾನೇ ಎಲ್ಲರ ಪಟ್ಟಿಯಲ್ಲೂ ಬರೆದುಬಿಡುತ್ತದೆ. ಆದರೆ ಎರಡು ಸೇವೆಗಳ ನಡುವೆ ಆಹ್ವಾನವು ಇಮೇಲ್ ಮೂಲಕ, ಐಸಿಎಸ್ ಎಂಬ ಸಣ್ಣ ಪಠ್ಯಕಡತದ ರೂಪದಲ್ಲಿ ಪ್ರಯಾಣಿಸುತ್ತದೆ. ಪ್ರತಿಯೊಬ್ಬ ಆಹ್ವಾನಿತನ ಬಳಿ ಅದರ ಬೇರೆ ಬೇರೆ ಪ್ರತಿ ಉಳಿಯುತ್ತದೆ. ಈ ಕಡತ ಹೇಗಿರಬೇಕೆಂದು ಹೇಳುವ ಐಕ್ಯಾಲೆಂಡರ್ ಎಂಬ ಮಾನದಂಡ ಮೊದಲು ಪ್ರಕಟವಾದದ್ದು 1998ರಲ್ಲಿ. 2009ರಲ್ಲಿ ಆರ್‌ಎಫ್‌ಸಿ 5545 ಎಂಬ ಅಂತರ್ಜಾಲ ಮಾನದಂಡ ದಾಖಲೆಯ ಹೆಸರಿನಲ್ಲಿ ಪರಿಷ್ಕೃತವಾಯಿತು. ಕಡತದಲ್ಲಿ ಪ್ರತಿ ಸಭೆಗೂ ಯುಐಡಿ ಎಂಬ ಗುರುತು ಇರುತ್ತದೆ. ಆಯೋಜಕರು ಸಮಯದಂತಹ ಮುಖ್ಯ ಸಂಗತಿಯನ್ನು ಬದಲಿಸಿದಾಗ ಸೀಕ್ವೆನ್ಸ್ ಎಂಬ ಸಂಖ್ಯೆ ಒಂದೊಂದಾಗಿ ಏರುತ್ತದೆ. ಬಂದ ತಿದ್ದುಪಡಿ ಯಾವ ಸಭೆಗೆ ಸೇರಿದ್ದೆಂಬುದನ್ನು ನಮ್ಮ ಕ್ಯಾಲೆಂಡರ್ ಯುಐಡಿಯಿಂದ ತಿಳಿಯುತ್ತದೆ, ಅದು ಹೊಸದೋ ಹಳೆಯದೋ ಎಂಬುದನ್ನು ಸೀಕ್ವೆನ್ಸ್‌ನಿಂದ ನಿರ್ಧರಿಸುತ್ತದೆ. ಇವೆರಡನ್ನು ಓದಲು ಕಲಿತ ದಿನದಿಂದ ನನ್ನ ಕೆಲಸ ಅರ್ಧ ಹಗುರವಾಯಿತು; ಐಸಿಎಸ್ ಕಡತವನ್ನು ಸಾಮಾನ್ಯ ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಆ ಸಾಲುಗಳು ಕಾಣುತ್ತವೆ.

ತೊಂದರೆ ಬಂದೊಡನೆ ಎಲ್ಲರೂ ಫೋನಿನ ಆ್ಯಪ್ ತೆಗೆದು ಮತ್ತೆ ಹಾಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗುವುದು ಇಲ್ಲಿಯೇ. ನಾನು ಈಗ ಮೊದಲು ಮಾಡುವ ಕೆಲಸ ಒಂದೇ: ಕಂಪ್ಯೂಟರಿನ ಬ್ರೌಸರ್‌ನಲ್ಲಿ, ಸೇವೆಯ ಜಾಲತಾಣದಲ್ಲೇ ಕ್ಯಾಲೆಂಡರ್ ತೆರೆದು ನೋಡುವುದು. ಅಲ್ಲಿ ಸಭೆ ಸರಿಯಾಗಿದ್ದು ಫೋನಿನಲ್ಲಿ ತಪ್ಪಾಗಿದ್ದರೆ ದೋಷವಿರುವುದು ಸರ್ವರ್ ಮತ್ತು ಫೋನಿನ ನಡುವೆ. ಜಾಲತಾಣದಲ್ಲೇ ತಪ್ಪಾಗಿದ್ದರೆ ಫೋನಿನದೇನೂ ತಪ್ಪಿಲ್ಲ. ಆಹ್ವಾನ ಬಂದ ದಾರಿಯನ್ನೇ ಹುಡುಕಬೇಕು. ಈ ಒಂದು ನೋಟ ನಮಗೆ ಉಳಿಸಿಕೊಟ್ಟ ಸಮಯವನ್ನು ಬೇರಾವ ಉಪಾಯವೂ ಉಳಿಸಿಲ್ಲ.

ಆಹ್ವಾನದ ದಾರಿಯಲ್ಲಿ ನಾವು ಕಂಡ ಅತಿ ಕಠಿಣ ಪ್ರಸಂಗ 2022ರದು. ಸ್ಟುಟ್‌ಗಾರ್ಟ್‌ನ ಗ್ರಾಹಕರು ಪ್ರತಿ ಮಂಗಳವಾರದ ಸಭೆಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದರು. ಅವರ ಕಡೆ ಹೊಸ ಸಮಯ, ನಮ್ಮ ಕಡೆ ಹಳೆಯ ಸಮಯ. ತಿದ್ದುಪಡಿಯ ಇಮೇಲ್ ಬಂದಿತ್ತು, ಅದರ ಪಠ್ಯದಲ್ಲಿ ಹೊಸ ಸಮಯವೇ ಇತ್ತು, ಆದರೆ ಕ್ಯಾಲೆಂಡರ್ ಮಾತ್ರ ಕದಲಲಿಲ್ಲ. ಮೂರು ಬಾರಿ ಮತ್ತೆ ಕಳುಹಿಸಿ ಎಂದು ಕೇಳಿಕೊಂಡೆವು, ಫಲವಿಲ್ಲ. ಸೇವೆಯ ಸಹಾಯವಾಣಿಯವರು ಕ್ಯಾಶ್ (ಬ್ರೌಸರ್ ತಾತ್ಕಾಲಿಕವಾಗಿ ಉಳಿಸಿಟ್ಟುಕೊಂಡ ಪ್ರತಿಗಳು) ಅಳಿಸಿ, ಬೇರೆ ಬ್ರೌಸರ್‌ನಲ್ಲಿ ನೋಡಿ ಎನ್ನುತ್ತಲೇ ಹನ್ನೊಂದು ದಿನ ಕಳೆದರು. ಕೊನೆಗೆ ಹಳೆಯ ಮತ್ತು ಹೊಸ ಇಮೇಲ್‌ಗಳ ಐಸಿಎಸ್ ಕಡತಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಕಾರಣ ಕಂಡಿತು. ಯುಐಡಿ ಎರಡರಲ್ಲೂ ಒಂದೇ ಆಗಿತ್ತು. ಆದರೆ ನಮ್ಮಲ್ಲಿದ್ದ ಪ್ರತಿಯ ಸೀಕ್ವೆನ್ಸ್ 3, ಹೊಸದಾಗಿ ಬಂದದ್ದರ ಸೀಕ್ವೆನ್ಸ್ 0. ಆ ತಿಂಗಳು ಗ್ರಾಹಕರು ತಮ್ಮ ಮೇಲ್ ವ್ಯವಸ್ಥೆಯನ್ನು ಹೊಸ ಸರ್ವರ್‌ಗೆ ವರ್ಗಾಯಿಸಿಕೊಂಡಿದ್ದರು, ಆ ವರ್ಗಾವಣೆಯಲ್ಲಿ ಎಣಿಕೆ ಸೊನ್ನೆಗೆ ಮರಳಿತ್ತು. ನಮ್ಮ ಕ್ಯಾಲೆಂಡರ್ ಹೊಸ ತಿದ್ದುಪಡಿಯನ್ನು ತಡವಾಗಿ ಬಂದ ಹಳೆಯ ಪತ್ರವೆಂದು ಬಗೆದು ಬದಿಗಿಟ್ಟಿತ್ತು. ನಿಯಮದ ಪ್ರಕಾರ ಅದು ಮಾಡಿದ್ದು ಸರಿಯೇ. ಆದರೆ 'ಹಳೆಯ ತಿದ್ದುಪಡಿಯೆಂದು ಸ್ವೀಕರಿಸಲಿಲ್ಲ' ಎಂಬ ಒಂದು ಸಾಲನ್ನು ತೋರಿಸಿದ್ದರೆ ನಮ್ಮ ಹನ್ನೊಂದು ದಿನಗಳು ಉಳಿಯುತ್ತಿದ್ದವು. ಗ್ರಾಹಕರು ಹಳೆಯ ಸರಣಿಯನ್ನು ರದ್ದುಪಡಿಸಿ ಹೊಸ ಸರಣಿಯನ್ನು ಸೃಷ್ಟಿಸಿದರು. ಹೊಸ ಯುಐಡಿ ಬಂದಿತು, ತೊಂದರೆ ತೀರಿತು.

ಇನ್ನೊಂದು ಪ್ರಸಂಗ ನೆನೆದರೆ ಇಂದಿಗೂ ಬೇಸರವಾಗುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರು ಮಗಳ ಶಾಲೆಯ ವಾರ್ಷಿಕೋತ್ಸವವನ್ನು ಅರ್ಧಕ್ಕೆ ಬಿಟ್ಟು ಬಂದು, ರಾತ್ರಿ 8.30ರ ಸಭೆಗೆ ಕಾದು ಕುಳಿತರು. ಆ ಸಭೆ ಎರಡು ದಿನ ಮೊದಲೇ ರದ್ದಾಗಿತ್ತು. ಅವರು ಆಹ್ವಾನದ ಐಸಿಎಸ್ ಕಡತವನ್ನು ಡೌನ್‌ಲೋಡ್ ಮಾಡಿ, ಕ್ಯಾಲೆಂಡರ್‌ನ 'ಇಂಪೋರ್ಟ್' ಸೌಲಭ್ಯದಿಂದ ಸೇರಿಸಿಕೊಂಡಿದ್ದರು. ಹಾಗೆ ಸೇರಿಸಿದ ಸಭೆ ನಮ್ಮ ಸೇವೆಯಲ್ಲಿ ಅವರದೇ ಸ್ವಂತ ಟಿಪ್ಪಣಿಯಾಗಿಬಿಡುತ್ತದೆ. ಆಯೋಜಕರೊಂದಿಗಿನ ಕೊಂಡಿ ಕಳಚಿಹೋಗುತ್ತದೆ, ರದ್ದತಿಯ ಸೂಚನೆ ಬಂದರೂ ಅದಕ್ಕೆ ತಗಲುವುದಿಲ್ಲ. ಆಹ್ವಾನವನ್ನು ಇಮೇಲ್‌ನೊಳಗಿನ ಒಪ್ಪಿಗೆಯ ಗುಂಡಿಯಿಂದಲೇ ಸ್ವೀಕರಿಸಬೇಕೆಂಬುದನ್ನು ಅಂದಿನಿಂದ ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಮೊದಲ ವಾರದಲ್ಲೇ ಹೇಳಿಕೊಡುತ್ತೇನೆ.

ಒಪ್ಪಿದರೂ ಆಯೋಜಕರಿಗೆ 'ಉತ್ತರ ಬಂದಿಲ್ಲ' ಎಂದು ಕಾಣುವುದು ಮತ್ತೊಂದು ಸಾಮಾನ್ಯ ದೂರು. ನಮ್ಮಲ್ಲಿ ಇದಕ್ಕೆ ಪ್ರತಿ ಬಾರಿಯೂ ವಿಳಾಸವೇ ಕಾರಣವಾಗಿತ್ತು. 2021ರಲ್ಲಿ ಕಚೇರಿಯ ಇಮೇಲ್ ವಿಳಾಸಗಳು ಬದಲಾದವು. ಹಳೆಯ ವಿಳಾಸಕ್ಕೆ ಬಂದ ಪತ್ರ ಹೊಸದಕ್ಕೆ ತಾನಾಗಿ ಬರುವಂತೆ ಮಾಡಿಕೊಂಡೆವು. ಆಹ್ವಾನ ಹಳೆಯ ವಿಳಾಸದ ಹೆಸರಿನಲ್ಲಿ, ಉತ್ತರ ಹೊಸ ವಿಳಾಸದಿಂದ. ಆಯೋಜಕರ ಪಟ್ಟಿಯಲ್ಲಿ ಹೊಸ ವಿಳಾಸವೇ ಇಲ್ಲದ್ದರಿಂದ, ಉತ್ತರಿಸಿದವರು ಯಾರೆಂದು ಅವರ ಕ್ಯಾಲೆಂಡರ್‌ಗೆ ಹೊಂದಿಸಿಕೊಳ್ಳಲು ಆಗಲಿಲ್ಲ. ಬೇರೆಯವರು ಫಾರ್ವರ್ಡ್ ಮಾಡಿದ ಆಹ್ವಾನಕ್ಕೂ ಇದೇ ಗತಿ. ಆಯೋಜಕರಿಂದ ಸರಿಯಾದ ವಿಳಾಸಕ್ಕೆ ನೇರವಾಗಿ ಆಹ್ವಾನ ಹಾಕಿಸಿಕೊಳ್ಳುವುದು ಸುಲಭದ ದಾರಿ. ಹಳೆಯ ವಿಳಾಸವನ್ನು ನಮ್ಮ ಖಾತೆಯ ಪರ್ಯಾಯ ವಿಳಾಸವಾಗಿ ನೋಂದಾಯಿಸಿದ ಮೇಲೆ ಈ ದೂರು ಬಹುತೇಕ ನಿಂತಿತು.

ಸಮಯವಲಯದ ಗೊಂದಲವನ್ನು ಜನ ಸಿಂಕ್ ದೋಷವೆಂದೇ ವರದಿ ಮಾಡುತ್ತಾರೆ. ಶಿಕಾಗೊದವರು ತಮ್ಮ ಬೆಳಗಿನ 9ಕ್ಕೆ ಇಟ್ಟುಕೊಂಡ ಸಭೆ ಚಳಿಗಾಲದಲ್ಲಿ ನಮಗೆ ರಾತ್ರಿ 8.30, ಬೇಸಿಗೆಯಲ್ಲಿ ಸಂಜೆ 7.30. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತಾರೆ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. 2025ರಲ್ಲಿ ಮಾರ್ಚ್ 9ರಿಂದ 30ರವರೆಗೆ ಮೂರು ವಾರ ಶಿಕಾಗೊದ ಸಭೆಗಳು ಸರಿದಿದ್ದವು, ಸ್ಟುಟ್‌ಗಾರ್ಟ್‌ನವು ಸರಿದಿರಲಿಲ್ಲ. ಮೂರೂ ಕಡೆಯವರು ಸೇರುವ ಸಭೆಯಲ್ಲಿ ಯಾರೋ ಒಬ್ಬರು ಪ್ರತಿ ವರ್ಷ ತಪ್ಪಿಸಿಕೊಳ್ಳುತ್ತಿದ್ದುದು ಈ ವಾರಗಳಲ್ಲೇ. ಇದರಲ್ಲಿ ಕ್ಯಾಲೆಂಡರ್‌ನ ತಪ್ಪೇನೂ ಇಲ್ಲ. ನಿಜವಾದ ದೋಷ ಕಂಡದ್ದು ಒಮ್ಮೆ ಮಾತ್ರ: ಗ್ರಾಹಕರು ಬಳಸುತ್ತಿದ್ದ ಸಭೆ ನಿಗದಿಪಡಿಸುವ ತಂತ್ರಾಂಶವೊಂದು ವಾರದ ಸರಣಿಯ ಸಮಯವನ್ನು ಊರಿನ ಸಮಯವಲಯದಲ್ಲಿ ಬರೆಯದೆ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯದಲ್ಲಿ ಬರೆದು ಕಳುಹಿಸಿತ್ತು. ಹಾಗೆ ಬರೆದ ಸರಣಿ ಗಡಿಯಾರ ಬದಲಾದರೂ ಸರಿಯುವುದಿಲ್ಲ. ನಮಗೆ ಅದು ಎಂದಿನ ಸಮಯದಲ್ಲೇ ಇತ್ತು, ಶಿಕಾಗೊದವರಿಗೆ ಒಂದು ಗಂಟೆ ತಪ್ಪಿತು. ಐಎಸ್‌ಟಿ ಎಂದು ಇಮೇಲ್‌ಗಳಲ್ಲಿ ಬರೆಯುವುದನ್ನು ನಾವು ಬಿಟ್ಟಿದ್ದೇವೆ. ಇಸ್ರೇಲ್ ಮತ್ತು ಐರ್ಲೆಂಡ್‌ನ ಸಮಯಗಳಿಗೂ ಅದೇ ಮೂರಕ್ಷರ ಬಳಕೆಯಲ್ಲಿದೆ. 'ಭಾರತೀಯ ಸಮಯ' ಎಂದೇ ಪೂರ್ತಿ ಬರೆಯುತ್ತೇವೆ.

ಇನ್ನು ಫೋನಿನ ಕಡೆಯ ದೋಷಗಳು. ಬ್ಯಾಟರಿ ಉಳಿಸುವ ವ್ಯವಸ್ಥೆ ಕ್ಯಾಲೆಂಡರ್ ಆ್ಯಪ್ ಅನ್ನು ಹಿನ್ನೆಲೆಯಲ್ಲಿ ಮಲಗಿಸಿಬಿಡುವುದು ಆಂಡ್ರಾಯ್ಡ್ ಫೋನ್‌ಗಳಲ್ಲಿ ನಮಗೆ ಅತಿ ಹೆಚ್ಚಾಗಿ ಎದುರಾಯಿತು. ಆ ಆ್ಯಪ್‌ಗೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು. ಸ್ವಲ್ಪ ಆಳದ ದೋಷ ಇನ್ನೊಂದಿದೆ. ಫೋನು ಪ್ರತಿ ಬಾರಿಯೂ ಇಡೀ ಕ್ಯಾಲೆಂಡರ್ ಅನ್ನು ತರಿಸಿಕೊಳ್ಳುವುದಿಲ್ಲ. ಕಳೆದ ಬಾರಿ ಸರ್ವರ್ ಕೊಟ್ಟ ಗುರುತನ್ನು ತೋರಿಸಿ, ಅಲ್ಲಿಂದೀಚೆಗೆ ಬದಲಾದದ್ದನ್ನು ಮಾತ್ರ ಕೇಳುತ್ತದೆ. ಆ ಗುರುತು ತೀರ ಹಳೆಯದಾದರೆ ಸರ್ವರ್ ಒಪ್ಪುವುದಿಲ್ಲ, ಎಲ್ಲವನ್ನೂ ಮೊದಲಿನಿಂದ ಪಡೆಯಬೇಕಾಗುತ್ತದೆ. ಒಳ್ಳೆಯ ಆ್ಯಪ್ ಇದನ್ನು ತಾನಾಗಿ ಮಾಡುತ್ತದೆ. ನಮ್ಮ ಇಬ್ಬರ ಫೋನಿನಲ್ಲಿದ್ದ ಹಳೆಯ ಆ್ಯಪ್ ಮಾತ್ರ ಅಲ್ಲಿಗೇ ಸದ್ದಿಲ್ಲದೆ ನಿಂತುಹೋಗಿತ್ತು. ವಾರಗಟ್ಟಲೆ ಹಳೆಯ ಪಟ್ಟಿಯನ್ನೇ ತೋರಿಸುತ್ತಿತ್ತು. ಖಾತೆಯನ್ನು ಫೋನಿನಿಂದ ತೆಗೆದು ಮತ್ತೆ ಸೇರಿಸಿದಾಗ ಸರಿಯಾಯಿತು. ಹಾಗೆ ಮಾಡುವ ಮೊದಲು, ಯಾವ ಖಾತೆಗೂ ಸೇರದೆ ಫೋನಿನಲ್ಲಷ್ಟೇ ಬರೆದುಕೊಂಡ ಟಿಪ್ಪಣಿಗಳಿವೆಯೇ ಎಂದು ದಯವಿಟ್ಟು ನೋಡಿಕೊಳ್ಳಿ. ಕ್ಯಾಲೆಂಡರ್‌ನ ಸಂಗ್ರಹವನ್ನು ಪೂರ್ತಿ ಅಳಿಸಿದರೆ ಅವು ಮರಳಿ ಬರುವುದಿಲ್ಲ.

ಒಂದೇ ಸಭೆ ಎರಡೆರಡು ಬಾರಿ ಕಂಡರೆ ಆತುರದಿಂದ ಒಂದನ್ನು ಅಳಿಸಬೇಡಿ. ಒಂದೇ ಖಾತೆಯನ್ನು ಎರಡು ಬಗೆಯಲ್ಲಿ ಫೋನಿಗೆ ಸೇರಿಸಿದಾಗ ಹೀಗಾಗುತ್ತದೆ. ಕಾಣುವ ಎರಡೂ, ಸರ್ವರ್‌ನಲ್ಲಿರುವ ಒಂದೇ ಸಭೆಯ ನೆರಳುಗಳು. 2020ರಲ್ಲಿ ನಮ್ಮ ಮುಖ್ಯಸ್ಥರು ಹೊಸ ಫೋನಿನಲ್ಲಿ ಕಂಡ ಜೋಡಿ ಸಭೆಗಳನ್ನು ಒಂದೊಂದಾಗಿ ಅಳಿಸಿದರು. ಅವುಗಳ ಆಯೋಜಕರು ಅವರೇ ಆಗಿದ್ದರಿಂದ, ಹದಿನೈದು ನಿಮಿಷದೊಳಗೆ ಮೂವರು ಗ್ರಾಹಕರಿಗೆ ರದ್ದತಿಯ ಪತ್ರಗಳು ಹೋಗಿದ್ದವು. ಆಯೋಜಕರಲ್ಲದವರು ಅಳಿಸಿದರೆ 'ಬರುವುದಿಲ್ಲ' ಎಂಬ ಉತ್ತರ ಹೋಗುವ ಸಾಧ್ಯತೆಯಿದೆ. ಅಂದು ಸಂಜೆಯವರೆಗೆ ಪ್ರತಿ ಗ್ರಾಹಕರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆವು. ಜೋಡಿಯಾಗಿ ಕಂಡಾಗ ಅಳಿಸಬೇಕಾದದ್ದು ಸಭೆಯನ್ನಲ್ಲ, ಫೋನಿನಲ್ಲಿರುವ ಹೆಚ್ಚುವರಿ ಖಾತೆಯನ್ನು.

ಉಳಿದ ಎರಡು ವಿಷಯಗಳನ್ನು ಚುಟುಕಾಗಿ ಹೇಳುತ್ತೇನೆ. ಅಪರಿಚಿತರ ಜಾಹೀರಾತು ಆಹ್ವಾನಗಳ ಕಾಟ ತಪ್ಪಿಸಲು, ಪರಿಚಿತರ ಆಹ್ವಾನಗಳು ಮಾತ್ರ ತಾನಾಗಿ ಕ್ಯಾಲೆಂಡರ್‌ಗೆ ಸೇರುವಂತೆ ಹೊಂದಿಸಿಕೊಳ್ಳಬಹುದು. ಇದು ಉಪಯುಕ್ತವೇ, ಆದರೆ ಹೊಸ ಗ್ರಾಹಕರ ಮೊದಲ ಆಹ್ವಾನ ಇಮೇಲ್‌ನಲ್ಲೇ ಉಳಿದುಬಿಡುತ್ತದೆ ಎಂಬುದು ನೆನಪಿರಲಿ. ಜಾಲವಿಳಾಸದ ಮೂಲಕ ಚಂದಾ ಪಡೆದ ರಜಾದಿನಗಳ ಪಟ್ಟಿಯಂತಹವು ಏಕಮುಖವಾದವು, ಗಂಟೆಗಟ್ಟಲೆ ತಡವಾಗಿ ಹೊಸದಾಗುತ್ತವೆ. ಅವುಗಳ ಮೇಲೆ ಸಭೆಗಳನ್ನು ನಂಬಿ ಕೂರಬಾರದು.

ಕೆಲಸ ಬಿಟ್ಟು ಹೋದವರು ಆಯೋಜಿಸಿದ್ದ ಸಭೆಗಳ ವಿಷಯದಲ್ಲಿ ಮಾತ್ರ ಈ ಸೇವೆಯನ್ನು ನಾನು ಗಟ್ಟಿಯಾಗಿ ಟೀಕಿಸುತ್ತೇನೆ. ಅವರ ಖಾತೆ ಅಳಿದ ಮೇಲೂ ಸರಣಿಗಳು ಹೊರಗಿನ ಗ್ರಾಹಕರ ಕ್ಯಾಲೆಂಡರ್‌ನಲ್ಲಿ ವರ್ಷಗಟ್ಟಲೆ ಉಳಿದವು. ತಿದ್ದುವ ಅಧಿಕಾರ ಆಯೋಜಕರಿಗೆ ಮಾತ್ರ ಇರುವುದರಿಂದ ಅವನ್ನು ನಮ್ಮಲ್ಲಿ ಯಾರೂ ರದ್ದುಪಡಿಸುವಂತಿರಲಿಲ್ಲ. ಖಾತೆ ಅಳಿಸುವ ಪುಟದಲ್ಲಿ ಇಷ್ಟು ಸಭೆಗಳು ಇವರ ಹೆಸರಿನಲ್ಲಿವೆ, ಯಾರಿಗೆ ವಹಿಸಬೇಕು ಎಂದು ಕೇಳುವ ಒಂದು ಹೆಜ್ಜೆ ಇರಬೇಕಿತ್ತು. ನಾವೀಗ ಯಾರೇ ಕೆಲಸ ಬಿಟ್ಟರೂ ಅವರ ಕೊನೆಯ ವಾರದಲ್ಲಿ ಅವರಿಂದಲೇ ಸರಣಿಗಳನ್ನು ಮುಗಿಸಿ, ಮುಂದುವರಿಸುವವರ ಹೆಸರಿನಲ್ಲಿ ಹೊಸದಾಗಿ ಆರಂಭಿಸುತ್ತೇವೆ.

ಇಷ್ಟರ ಮೇಲೂ ಈ ಜೂನ್‌ನಲ್ಲಿ ಚಂದಾವನ್ನು ನವೀಕರಿಸಿದೆವು, ಏಕೆಂದರೆ ಆರು ವರ್ಷಗಳ ಅಭ್ಯಾಸವನ್ನು ಬಿಟ್ಟು ಹೋದರೂ ಇಮೇಲ್ ಮೂಲಕ ಸಾಗುವ ಆಹ್ವಾನಗಳ ಇದೇ ತೊಡಕುಗಳು ಹೊಸ ಸೇವೆಯಲ್ಲೂ ಎದುರಾಗುತ್ತವೆ. ಸಹಾಯವಾಣಿಗೆ ಬರೆಯುವ ರೀತಿಯನ್ನು ಮಾತ್ರ ಬದಲಿಸಿಕೊಂಡಿದ್ದೇನೆ. 'ಸಭೆ ಕಾಣುತ್ತಿಲ್ಲ' ಎಂದಷ್ಟೇ ಬರೆಯುವ ಬದಲು ಸಭೆಯ ಯುಐಡಿ, ಎರಡೂ ಪ್ರತಿಗಳ ಸೀಕ್ವೆನ್ಸ್, ಬದಲಾವಣೆ ಮಾಡಿದ ಸಮಯ ಮತ್ತು ಅದರ ಸಮಯವಲಯ, ಜಾಲತಾಣದಲ್ಲಿ ಹಾಗೂ ಫೋನಿನಲ್ಲಿ ಕಂಡದ್ದರ ಎರಡು ಚಿತ್ರಗಳನ್ನು ಮೊದಲ ಪತ್ರದಲ್ಲೇ ಲಗತ್ತಿಸುತ್ತೇನೆ. ಹೀಗೆ ಕಳುಹಿಸಿದ ಕಳೆದ ದೂರಿಗೆ ಎರಡೇ ದಿನಗಳಲ್ಲಿ ಪರಿಹಾರ ಸಿಕ್ಕಿತು.