ಮುಂಗಾರು ಭತ್ತಕ್ಕೆ ಯಾವ ಉಪಗ್ರಹ ಜೋಡಿ?

ಭದ್ರಾ ಅಚ್ಚುಕಟ್ಟಿನಲ್ಲಿ ಎಲ್ಲೆಲ್ಲಿ ನಾಟಿಯಾಗಿದೆ ಎಂದು ನಕ್ಷೆ ಮಾಡಲು ನಾನು ನೆಚ್ಚಿಕೊಂಡಿರುವುದು ಯುರೋಪಿನ ಉಪಗ್ರಹಗಳಾದ ಸೆಂಟಿನೆಲ್-1ರ ರೇಡಾರ್ ಮತ್ತು ಸೆಂಟಿನೆಲ್-2ರ ಬಣ್ಣದ ಚಿತ್ರದ ಜೋಡಿ. ಎರಡೂ ಪುಕ್ಕಟೆ. ದುಡ್ಡು ಕೊಟ್ಟು ತರಿಸಿದ್ದು ಕೈಕೊಟ್ಟ ಮೇಲಂತೂ ಆ ನೆಚ್ಚಿಗೆ ಗಟ್ಟಿಯಾಗಿದೆ.

ತರಿಸಿದ್ದು ಪ್ಯಾನ್‌ಶಾರ್ಪನ್ ಮಾಡಿದ ಚಿತ್ರ. ಸ್ಫುಟವಾದ ಕಪ್ಪು-ಬಿಳುಪು ಚಿತ್ರದ ವಿವರವನ್ನು ಮಸುಕು ಬಣ್ಣದ ಚಿತ್ರಕ್ಕೆ ಬೆರೆಸಿದ್ದು. ಬದು, ಕಾಲುವೆ, ಪಂಪ್‌ಸೆಟ್ ಕೋಣೆ ಎಲ್ಲ ಕಾಣುತ್ತವೆ. ಆದರೆ ಎರಡೂ ಒಂದೇ ಉಪಗ್ರಹ ಒಂದೇ ಹೊತ್ತಿಗೆ ತೆಗೆದವು. ಆಗಸ್ಟ್ ಮೋಡ ಒಂದಕ್ಕೆ ಅಡ್ಡ ಬಂದರೆ ಇನ್ನೊಂದಕ್ಕೂ ಅಡ್ಡವೇ. ನನಗೆ ಬಂದದ್ದರಲ್ಲಿ ಅರ್ಧಕ್ಕರ್ಧ ಹಿಂಜಿದ ಹತ್ತಿ! ಮೇಲಾಗಿ ಬೆರಕೆಯಲ್ಲಿ ಬಣ್ಣದ ಅಂಕಿಗಳು ಏರುಪೇರಾಗುವುದರಿಂದ ಎನ್‌ಡಿವಿಐ ಲೆಕ್ಕಕ್ಕೆ ಅದು ನಂಬಿಕೆಯದಲ್ಲ. ಎನ್‌ಡಿವಿಐ ಎಂದರೆ ಪೈರಿನ ಹಸಿರನ್ನು ಅಳೆಯುವ ಅಂಕಿ: ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದ್ದು.

ನಾಸಾದ ಎಚ್‌ಎಲ್‌ಎಸ್ ಎಂಬ ಚಿತ್ರಸಂಗ್ರಹ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಮತ್ತು ಸೆಂಟಿನೆಲ್-2 ಅಂಕಿಗಳನ್ನು ಒಂದೇ ಅಳತೆಗೆ ತಂದು ಕೊಡುತ್ತದೆ. ತಲೆನೋವು ಕಡಿಮೆ. ಆದರೆ ಅದರ ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) 30 ಮೀಟರ್ ಚೌಕ, ಅಂದರೆ ಸುಮಾರು 9 ಗುಂಟೆ. ಸೆಂಟಿನೆಲ್-2ರ 10 ಮೀಟರ್ ಚೌಕ ಒಂದೇ ಗುಂಟೆ. ಮೋಡದ ಗೋಳು ಇಲ್ಲೂ ತಪ್ಪಿದ್ದಲ್ಲ.

ರೇಡಾರಿನ ಸುಮಾರು 5.5 ಸೆಂಟಿಮೀಟರ್ ಅಲೆಗೆ ಮೋಡದ ಹಂಗಿಲ್ಲ. ನೀರು ನಿಲ್ಲಿಸಿದ ಗದ್ದೆ ಅಲೆಯನ್ನು ಆಚೆಗೆ ಜಾರಿಸಿಬಿಡುವುದರಿಂದ ಕಪ್ಪಾಗಿ ಕಾಣುತ್ತದೆ. ಪೈರು ತೆಂಡೆಯೊಡೆದಂತೆ ಬೆಳ್ಳಗಾಗುತ್ತ ಹೋಗುತ್ತದೆ. ಪಕ್ಕದ ಮೆಕ್ಕೆಜೋಳದ ಹೊಲದಲ್ಲಿ ಈ ಆಟ ಇಲ್ಲ. ಗಾಳಿಗೆ ನೀರು ಅಲೆಯೆದ್ದರೆ ಸ್ವಲ್ಪ ಮೋಸವಾಗುತ್ತದೆ, ಆಗ ಲಂಬ ಕಂಪನದ ಅಲೆ ಕಳಿಸಿ ಲಂಬವನ್ನೇ ಹಿಡಿಯುವ ವಿವಿ ಚಿತ್ರಕ್ಕಿಂತ ಅಡ್ಡ ಕಂಪನವನ್ನು ಹಿಡಿಯುವ ವಿಎಚ್ ಚಿತ್ರ ನೋಡುವುದು ವಾಸಿ.

ಈ ಜೋಡಿಯಲ್ಲಿ ನನ್ನನ್ನು ಸತಾಯಿಸಿದ್ದು ರೇಡಾರ್ ಅಲ್ಲ, ಸೆಂಟಿನೆಲ್-2. 2021 ಮತ್ತು 2022ರ ಬೇಸಿಗೆ ಭತ್ತ ಹೋಲಿಸಿದರೆ 2022ರಲ್ಲಿ ಅಚ್ಚುಕಟ್ಟೆಲ್ಲ ಸೊರಗಿದಂತಿತ್ತು. ರೇಡಾರ್ ಮಾತ್ರ ಪೈರು ಎಂದಿನಂತಿದೆ ಎನ್ನುತ್ತಿತ್ತು.

ಸಂಗತಿ ಏನೆಂದರೆ, 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳ ಸಂಸ್ಕರಣೆಯ ಕ್ರಮ ಬದಲಾಗಿ ಪ್ರತಿ ಅಂಕಿಗೂ 1000 ಸೇರಿಸಿ ಕೊಡುತ್ತಾರೆ. ಕೆಂಪು 500, ಅವಕೆಂಪು 3000 ಇದ್ದರೆ ಎನ್‌ಡಿವಿಐ 0.71. ಎರಡಕ್ಕೂ ಸಾವಿರ ಕೂಡಿಸಿ: ಮೇಲಿನ ವ್ಯತ್ಯಾಸ 2500 ಹಾಗೇ ಉಳಿಯುತ್ತದೆ, ಕೆಳಗಿನ ಮೊತ್ತ ಮಾತ್ರ 3500ರಿಂದ 5500ಕ್ಕೆ ಹಾರುತ್ತದೆ, ಉತ್ತರ 0.45. ನೀರು, ಗೊಬ್ಬರ ಸರಿಯಾಗಿ ಬಿದ್ದ ಪೈರೂ ಕಾಗದದ ಮೇಲೆ ಒಣಗುತ್ತದೆ. ಉಪಗ್ರಹ ಚಿತ್ರಗಳನ್ನು ಆನ್‌ಲೈನಿನಲ್ಲೇ ಲೆಕ್ಕ ಹಾಕುವ ಗೂಗಲ್‌ನ ಅರ್ತ್ ಎಂಜಿನ್‌ನಲ್ಲಿ 'ಹಾರ್ಮೊನೈಸ್ಡ್' ಎಂಬ ಸಂಗ್ರಹ ಆರಿಸಿಕೊಂಡರೆ ಸಾವಿರ ಕಳೆದೇ ಬರುತ್ತದೆ. ಎರಡನೆಯದೂ ಬಣ್ಣದ ಚಿತ್ರವೇ ಆಗಿದ್ದು ಅದನ್ನೂ ಹೀಗೇ ಸಂಸ್ಕರಿಸಿದ್ದರೆ ಅನುಮಾನವೇ ಹುಟ್ಟುತ್ತಿರಲಿಲ್ಲ.

ನನ್ನದು ಹಳೆಯ ಲ್ಯಾಪ್‌ಟಾಪ್, ಬಜೆಟ್ ಸೊನ್ನೆ, ಕೆಲಸ ಹೆಚ್ಚಾಗಿ ಬಯಲಿನ ಗದ್ದೆಗಳದ್ದು. ಹಾಗಾಗಿ ರೇಡಾರ್ ಜೋಡಿಯೇ ಸಾಕು. ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಮರ ಎಣಿಸುವುದಾದರೆ ಇದು ಕೆಲಸಕ್ಕೆ ಬಾರದು. ಅಲ್ಲಿ ಕೊಂಡ ಚಿತ್ರವೇ ಬೇಕು. ಕೊಳ್ಳುವವರು ಜನವರಿ-ಫೆಬ್ರವರಿಯದ್ದನ್ನು ಕೊಳ್ಳಿ. ಬೆರೆಸಿದ್ದರ ಜೊತೆಗೆ ಬೆರೆಸದ ಎರಡೂ ಚಿತ್ರಗಳನ್ನು ಬೇರೆಬೇರೆಯಾಗಿ ಕೇಳಿ ಪಡೆಯಿರಿ.