ಬೆಟ್ಟದ ಮೆಟ್ಟಿಲ ಮೇಲೆ ಮೂರು ನೀ ಕ್ಯಾಪ್

ನನ್ನ ಬಲಮಂಡಿಯ ಚಿಪ್ಪಿನ ಸುತ್ತ ನೋವು ಶುರುವಾಗಿ ಎರಡು ವರ್ಷ. ಮೆಟ್ಟಿಲು ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಹಿಂಡುತ್ತದೆ. ಹಾಗಂತ ಭಾನುವಾರದ ಚಾಮುಂಡಿ ಬೆಟ್ಟವನ್ನೂ ಸಂಜೆಯ ಶಟಲ್ ಬ್ಯಾಡ್ಮಿಂಟನ್ ಆಟವನ್ನೂ ಬಿಡಲು ಮನಸ್ಸಾಗಲಿಲ್ಲ. ಮಂಡಿಗೆ ತೊಡುವ ಮೂರು ಥರದ ನೀ ಕ್ಯಾಪ್ ತಂದು, ಒಂದೊಂದನ್ನೂ ನಾಲ್ಕು ಭಾನುವಾರ ಹಾಕಿಕೊಂಡು ಪಾದದಿಂದ ತುದಿಯವರೆಗೆ ಹತ್ತಿ ಇಳಿದೆ. ಏನೂ ಹಾಕದೆ ಹತ್ತಲು ನನಗೆ 28 ನಿಮಿಷ ಬೇಕು.

ಮೊದಲನೆಯದು ಮೆಡಿಕಲ್ ಶಾಪಿನ ಎಲಾಸ್ಟಿಕ್ ಬಟ್ಟೆಯದು. ಕಣ್ಣಳತೆಯಲ್ಲಿ ತಂದಿದ್ದೆ, ಇನ್ನೂರು ಮೆಟ್ಟಿಲಿಗೇ ಮಂಡಿಯ ಹಿಂದೆ ಸುರುಳಿ ಸುತ್ತಿಕೊಂಡಿತು. ಡಬ್ಬಿಯ ಮೇಲೆ ಬರೆದಂತೆ ಟೇಪು ಹಿಡಿದು ತೊಡೆ ಅಳೆದರೆ ಒಂದು ಸೈಜ್ ಚಿಕ್ಕದು ಬೇಕಿತ್ತು. ಬದಲಾಯಿಸಿದ ಮೇಲೆ ಜಾರಲಿಲ್ಲ. ಮಂಡಿ ಬೆಚ್ಚಗಿತ್ತು, ಅಷ್ಟೇ. ನೋವೂ ಹಾಗೇ, ಸಮಯವೂ ಹಾಗೇ.

ಎರಡನೆಯದು ನಿಯೋಪ್ರೀನ್, ರಬ್ಬರಿನಂಥ ದಪ್ಪ ಬಟ್ಟೆ. ಚಿಪ್ಪಿನ ಜಾಗದಲ್ಲಿ ದುಂಡಗೆ ತೂತು, ಸುತ್ತ ಮೆತ್ತನೆಯ ಅಂಚು. ಹತ್ತುವ ವೇಗ ಇದರಲ್ಲೂ ಹೆಚ್ಚಲಿಲ್ಲ. ವ್ಯತ್ಯಾಸ ಗೊತ್ತಾದದ್ದು ಇಳಿಯುವಾಗ. ದೇಹದ ಭಾರವನ್ನೆಲ್ಲ ತೊಡೆಯ ಸ್ನಾಯು ಹಿಡಿದು ನಿಧಾನವಾಗಿ ಕೆಳಗಿಳಿಸಬೇಕಾದ ಹೊತ್ತದು, ಚಿಪ್ಪಿನ ಮೇಲೆ ಹೆಚ್ಚು ಒತ್ತಡ ಬೀಳುವುದೂ ಆಗಲೇ. ಚರ್ಮದ ಮೇಲಿನ ಬಿಗಿತದಿಂದ ಮಂಡಿ ಎಲ್ಲಿದೆ, ಯಾವ ಕಡೆ ವಾಲುತ್ತಿದೆ ಎಂದು ಪ್ರತಿ ಹೆಜ್ಜೆಗೂ ತಿಳಿಯುತ್ತಿತ್ತು. ಒಳಕ್ಕೆ ತಿರುಗುತ್ತಿದ್ದ ಮಂಡಿಯನ್ನು ನಾನೇ ನೇರ ಮಾಡಿಕೊಳ್ಳುತ್ತಿದ್ದೆ. ಶಟಲ್‌ನಲ್ಲೂ ಧೈರ್ಯವಾಗಿ ಕಾಲು ಮುಂದಿಟ್ಟೆ. ಆ ಧೈರ್ಯವನ್ನು ಮಾತ್ರ ಪೂರ್ತಿ ನಂಬಬೇಡಿ. ಇದು ಮೂಳೆ, ಕೀಲುಗಳನ್ನು ಹಿಡಿದು ನಿಲ್ಲಿಸುವಂಥದ್ದಲ್ಲ. ಒಂದು ಸಂಜೆ ಮೂರು ಗೇಮ್ ಹೆಚ್ಚಿಗೆ ಆಡಿದ್ದಕ್ಕೆ ಎರಡು ದಿನ ನೆಲದ ಮೇಲೆ ಕೂರಲಾಗಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಬೆವರಿಗೆ ಮಂಡಿಯ ಹಿಂದೆ ಗುಳ್ಳೆಯೂ ಎದ್ದವು.

ಮೂರನೆಯದಕ್ಕೆ ಎರಡೂ ಬದಿಯಲ್ಲಿ ಬಾಗಿಲಿಗಿರುವಂಥ ಲೋಹದ ಹಿಂಜ್, ನಾಲ್ಕು ಬೆಲ್ಟ್. ಬೆಲೆಯಲ್ಲಿ ಎಲ್ಲಕ್ಕಿಂತ ಮೇಲೆ, ತೂಕದಲ್ಲೂ. ಹತ್ತಲು 33 ನಿಮಿಷ ಹಿಡಿಯಿತು. ಬೆಲ್ಟ್ ಮೀನಖಂಡದತ್ತ ಜಾರಿದ್ದರಿಂದ ದಾರಿಯಲ್ಲಿನ ನಂದಿ ವಿಗ್ರಹದ ಹತ್ತಿರ ಕೂತು ಬಿಚ್ಚಿ ಕಟ್ಟಬೇಕಾಯಿತು. ಆದರೂ ಇದನ್ನು ಕೆಟ್ಟದ್ದು ಎನ್ನಲಾರೆ. ಮಂಡ್ಯದ ನನ್ನ ಗೆಳೆಯನಿಗೆ ಕಬಡ್ಡಿಯಲ್ಲಿ ಮಂಡಿಯ ಒಳಬದಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಬಿಗಿದಿಡುವ ಪಟ್ಟಿ, ಹರಿದಿತ್ತು. ಮಂಡಿ ಪಕ್ಕಕ್ಕೆ ಬಾಗದಂತೆ ತಡೆಯುವುದೇ ಹಿಂಜ್‌ನ ಕೆಲಸವಾದ್ದರಿಂದ, ಅವನು ಮತ್ತೆ ಓಡಲು ಶುರುಮಾಡಿದ್ದು ಅದನ್ನು ನಂಬಿಯೇ. ನನ್ನ ತೊಂದರೆ ಬೇರೆ, ನನಗದು ಬರೀ ಹೊರೆ.

ಚಿಪ್ಪಿನ ಕೆಳಗೆ ಬಿಗಿಯುವ ಸಣ್ಣ ಪಟ್ಟಿಯೂ ಸಿಗುತ್ತದೆ. ನೋವು ಸರಿಯಾಗಿ ಆ ಜಾಗದಲ್ಲಿರುವವರಿಗೆ ಅದು, ನನ್ನದು ಅಲ್ಲಿಲ್ಲ.

ನನ್ನ ಬಳಿ ಉಳಿದದ್ದು ನಿಯೋಪ್ರೀನ್ ಒಂದೇ. ಹತ್ತುವಾಗ ಬ್ಯಾಗಿನಲ್ಲಿರುತ್ತದೆ, ಇಳಿಯುವ ಮುನ್ನ ಹಾಕಿಕೊಳ್ಳುತ್ತೇನೆ. ಜೊತೆಗೆ ಫಿಸಿಯೋ ಹೇಳಿಕೊಟ್ಟ ತೊಡೆಯ ವ್ಯಾಯಾಮವನ್ನು ಮೂರು ತಿಂಗಳಿಂದ ತಪ್ಪಿಸಿಲ್ಲ, ನೋವು ಹೆಚ್ಚು ತಗ್ಗಿದ್ದು ಅದರಿಂದಲೇ. ಹೋದ ಭಾನುವಾರ ತುದಿಯಿಂದ ನಂದಿಯವರೆಗೆ ಬರಿಮಂಡಿಯಲ್ಲೇ ಇಳಿದೆ. ಅಲ್ಲಿಂದ ಕೆಳಗಷ್ಟೇ ಹಾಕಿಕೊಂಡೆ.