ಜುಲೈ ಗಾಳಿಯಲ್ಲಿ ಮರವಂತೆ: ಇಬ್ಬರು, ಎರಡು ರಾತ್ರಿ, 6,000 ರೂಪಾಯಿ

ಮಳೆಗಾಲದಲ್ಲಿ ಕುಂದಾಪುರದ ಕಡೆ ಹೊರಟಿದ್ದೇವೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಡಿಸೆಂಬರ್‌ನಲ್ಲಿ ಹೋಗಿ. ಸುಮ್ನೆ ನೆನೆಯೋಕೆ ಯಾಕೆ ದುಡ್ಡು ಹಾಕ್ತೀರಾ?" ಅಂತ ಅತ್ತೆ ಕೇಳಿದರು. ಆದರೆ ಇವರಿಗೆ ರಜೆ ಸಿಕ್ಕಿದ್ದೇ ಜುಲೈ ಮೂರನೇ ವಾರ. ಕೈಯಲ್ಲಿ ಇದ್ದದ್ದು 6,000 ರೂಪಾಯಿ. ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಇನ್ನೂ ಕಾಯುವುದು ನನಗೆ ಬೇಡವಾಗಿತ್ತು.

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ಸ್ಲೀಪರ್ ಟಿಕೆಟ್, ಹೋಗಿ ಬರುವುದಕ್ಕೆ ಇಬ್ಬರಿಗೂ ಸೇರಿ ಸುಮಾರು 1,300. ಒಂದು ವಿಷಯ ನೆನಪಿಡಿ: ಕೊಂಕಣ ರೈಲು ಮಾರ್ಗದಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ರೈಲುಗಳು ನಿಧಾನವಾಗಿ ಓಡುತ್ತವೆ. ಹಳೆಯ ಸಮಯ ನೋಡಿಕೊಂಡು ಹೊರಡಬೇಡಿ. ಕುಂದಾಪುರ ಸ್ಟೇಷನ್ ಪೇಟೆಯೊಳಗಿಲ್ಲ, ಮೂಡ್ಲಕಟ್ಟೆಯಲ್ಲಿದೆ. ಆಟೋ ಹಿಡಿದು ಪೇಟೆಗೆ ಬಂದು, ಅಲ್ಲಿಂದ ಬೈಂದೂರು ಬಸ್ ಹತ್ತಿ ಮರವಂತೆಯಲ್ಲಿ ಇಳಿದರೆ ಆಯಿತು.

ಮೊದಲು ಬೇಜಾರಾದ ಸಂಗತಿ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಒಂದು ರೂಮ್ ಬುಕ್ ಮಾಡಿ 500 ರೂಪಾಯಿ ಅಡ್ವಾನ್ಸ್ ಕಟ್ಟಿದ್ದೆವು. ಫೋಟೋದಲ್ಲಿ ಕಿಟಕಿಯ ತುಂಬಾ ಸಮುದ್ರ ಇತ್ತು. ಹೋಗಿ ಕಿಟಕಿ ತೆಗೆದರೆ ಎದುರಿಗೆ ಹೈವೇ, ಒಂದರ ಹಿಂದೊಂದು ಲಾರಿ. ದಿಂಬು ಮುಟ್ಟಿದರೆ ಒದ್ದೆ, ಗೋಡೆಯಲ್ಲಿ ಬೂಷ್ಟು. ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ನನಗೆ ಅಳುವೇ ಬಂತು. ಇಷ್ಟು ಸಣ್ಣ ಬಜೆಟ್‌ನಲ್ಲಿ 500 ಅಂದರೆ ಸಣ್ಣ ದುಡ್ಡಲ್ಲ. ಇವರು ಬ್ಯಾಗ್ ಎತ್ತಿಕೊಂಡು "ಬಾ, ಬೇರೆ ನೋಡೋಣ" ಅಂದರು. ಹೊರಗೆ ಇದ್ದ ಆಟೋದವರೇ ತಮ್ಮ ಪರಿಚಯದ ಒಂದು ಮನೆಗೆ ಕರೆದುಕೊಂಡು ಹೋದರು.

ಈ ಬರಹ ಮುಖ್ಯವಾಗಿ ಆ ಮನೆಯ ಬಗ್ಗೆಯೇ. ಮರವಂತೆ ಬೀಚಿನಿಂದ ಸ್ವಲ್ಪ ಮುಂದೆ, ತೆಂಗಿನ ತೋಟದೊಳಗೆ ಹಂಚಿನ ಮನೆ. ಗಂಡ ಹೆಂಡತಿ ಇಬ್ಬರೇ ಇದ್ದಾರೆ. ಮಗ ಊರಲ್ಲಿಲ್ಲದ್ದರಿಂದ ಅವನ ಕೋಣೆಯನ್ನು ಬಂದವರಿಗೆ ಕೊಡುತ್ತಾರೆ. ರಾತ್ರಿಗೆ 1,000 ರೂಪಾಯಿ. ಬೋರ್ಡ್ ಇಲ್ಲ, ಟಿವಿ ಇಲ್ಲ, ಏಸಿ ಇಲ್ಲ. ಮಂಚ, ಫ್ಯಾನು, ಎರಡು ದಪ್ಪ ಕಂಬಳಿ, ಬಚ್ಚಲಲ್ಲಿ ಹಂಡೆ ತುಂಬಾ ಬಿಸಿನೀರು. ನಾವು ಒದ್ದೆಯಾಗಿ ಬಂದಾಗಲೆಲ್ಲ ಆ ಅಮ್ಮ ನಮ್ಮ ಬಟ್ಟೆ ತೆಗೆದುಕೊಂಡು ಹೋಗಿ ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕುತ್ತಿದ್ದರು. ಎರಡು ದಿನ ನನ್ನ ಚೂಡಿದಾರಕ್ಕೆ ಸೌದೆ ಹೊಗೆಯ ವಾಸನೆ. ಅಲ್ಲಿ ಬಟ್ಟೆ ಒಣಗಲು ಬೇರೆ ದಾರಿಯೇ ಇಲ್ಲ.

ಊಟ ಅವರಲ್ಲೇ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಅದರ ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಒಣ ಸಿಗಡಿ ಚಟ್ನಿ. ತಾಜಾ ಮೀನು ಬೇಕು ಅಂತ ಆಸೆಯಿಂದ ಹೋಗಿದ್ದೆವು. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ನಾಡದೋಣಿಯವರು ತಂದರೆ ಮಾತ್ರ ತಾಜಾ ಮೀನು, ಅದೂ ಕಡಲು ದೋಣಿ ಇಳಿಸಲು ಬಿಟ್ಟರೆ. ನಮಗೆ ಎರಡನೇ ದಿನ ನಾಲ್ಕೇ ನಾಲ್ಕು ಬಂಗುಡೆ ಸಿಕ್ಕಿತು. ಆದರೆ ಆ ಒಣ ಸಿಗಡಿ ಚಟ್ನಿಯ ಮುಂದೆ ಬಂಗುಡೆಯೂ ನೆನಪಿನಲ್ಲಿ ಹಿಂದೆ ನಿಂತಿದೆ. ಸುಟ್ಟ ಒಣಮೆಣಸು, ಹುಣಸೆ, ತೆಂಗಿನಕಾಯಿ ಹಾಕಿ ಕಲ್ಲಲ್ಲಿ ಅರೆದದ್ದು. ಬಿಸಿ ಗಂಜಿಗೆ ಬೆರಳ ತುದಿಯಷ್ಟು ಸಾಕು. ಆಸಾಡಿ ತಿಂಗಳು ಅಂತ ಕೆಸುವಿನ ಎಲೆಯ ಪತ್ರೊಡೆಯನ್ನೂ ಮಾಡಿದ್ದರು. ಎಲ್ಲ ಊಟ ಸೇರಿ 1,100 ಆಯಿತು.

ಇನ್ನು ಗಾಳಿ. ಮರವಂತೆಯಲ್ಲಿ ಹೈವೇ 66ರ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಕೊಡಚಾದ್ರಿ ಕಡೆಯಿಂದ ಇಳಿದು ಬರುವ ಹೊಳೆ ಇಲ್ಲಿ ಕಡಲನ್ನು ಇನ್ನೇನು ಮುಟ್ಟಿತು ಅನ್ನುವಾಗ ತಿರುಗಿಕೊಂಡು, ದಕ್ಷಿಣಕ್ಕೆ ಗಂಗೊಳ್ಳಿಯವರೆಗೂ ಹೋಗಿ ಅಲ್ಲಿ ಸಮುದ್ರ ಸೇರುತ್ತದೆ. ಪೋಸ್ಟರ್‌ಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಆದರೆ ಜುಲೈನಲ್ಲಿ ಆ ರಸ್ತೆಯ ಅಂಚಿನಲ್ಲಿ ನಿಲ್ಲುವುದೇ ಬೇರೆ. ಎಡಕ್ಕೆ ಕೆಸರು ಬಣ್ಣದ ಅಲೆ ತಡೆಗೋಡೆಯ ಕಲ್ಲಿಗೆ ಬಡಿದು ನೀರು ರಸ್ತೆಗೆ ಹಾರುತ್ತದೆ. ಬಲಕ್ಕೆ ತಿರುಗಿದರೆ ಹೊಳೆ, ಅದರ ನಡುವೆ ಕುದ್ರು ಅನ್ನುವ ಪುಟ್ಟ ದ್ವೀಪ, ತೆಂಗು, ಮಳೆಹನಿ ಬಿದ್ದು ಸಣ್ಣಗೆ ನಡುಗುವ ನೀರು. ನಡುವೆ ಇರುವುದು ಒಂದು ರಸ್ತೆಯ ಅಗಲ, ಅಷ್ಟೇ. ಛತ್ರಿ ಐದು ನಿಮಿಷದಲ್ಲಿ ಮಗುಚಿ ಕಡ್ಡಿ ಮುರಿಯಿತು. ರೇನ್‌ಕೋಟ್ ತನ್ನಿ, ಛತ್ರಿ ಬೇಡ.

ನಾನು ಕನ್ನಡಕ ಹಾಕುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ಗಾಜು ಮಬ್ಬಾಗುತ್ತಿತ್ತು. ದುಪಟ್ಟಾದಲ್ಲಿ ಒರೆಸಿದರೆ ಇನ್ನೂ ಜಾಸ್ತಿ ಮಬ್ಬು, ಯಾಕೆಂದರೆ ಅದು ಬರೀ ನೀರಲ್ಲ, ಉಪ್ಪು. ತುಟಿ ಚಪ್ಪರಿಸಿದರೂ ಉಪ್ಪು. ಇವರು ಕುಡಿಯುವ ನೀರಿನ ಬಾಟಲಿಯಿಂದ ಎರಡು ಹನಿ ಹಾಕಿ ತೊಳೆದು, ತಮ್ಮ ಬನಿಯನ್ನಿನ ಒಣ ಅಂಚಿನಲ್ಲಿ ಒರೆಸಿ ಕೊಟ್ಟರು. ಆಮೇಲೆ ಪ್ರತಿ ಸಲವೂ ಅವರೇ. ನಾನು ಕೇಳದೆಯೇ ಕೈ ಚಾಚುತ್ತಿದ್ದರು. ಮನೆಯಲ್ಲಿ ಇಬ್ಬರೂ ಕೆಲಸದಿಂದ ಬಂದು ಫೋನ್ ನೋಡುತ್ತಾ ಮಲಗುವ ನಮಗೆ ಇಷ್ಟು ಹೊತ್ತು ಪಕ್ಕಪಕ್ಕ ನಿಂತ ನೆನಪೇ ಇರಲಿಲ್ಲ. ಗಾಳಿಯ ಸದ್ದಿಗೆ ಮಾತು ಕೇಳಿಸುವುದಿಲ್ಲ. ಕಿವಿಯ ಹತ್ತಿರ ಬಂದೇ ಹೇಳಬೇಕು.

ಹೊರಡುವಾಗ ಆ ಅಮ್ಮ ಒಂದೇ ಮಾತು ಹೇಳಿದ್ದರು: "ಗಾಳಿ ಜೋರಿತ್ತ್, ಕಲ್ಲ್ ಮೇಲೆ ಹತ್ಬೇಡಿ." ದಯವಿಟ್ಟು ಇದನ್ನು ಕೇಳಿ. ಆ ಕಲ್ಲುಗಳ ಮೇಲೆ ಪಾಚಿ ಇರುತ್ತದೆ, ಅಲೆ ಯಾವಾಗ ಎಷ್ಟು ಎತ್ತರ ಬರುತ್ತದೆ ಹೇಳಲಾಗದು. ಸೆಲ್ಫಿಗಾಗಿ ಹತ್ತುವವರನ್ನು ಕಂಡು ನಮ್ಮ ಎದೆ ಹೊಡೆದುಕೊಂಡಿತು. ನೀರಿಗಂತೂ ಕಾಲಿಡುವ ಮಾತೇ ಬೇಡ.

ಎರಡನೇ ದಿನ ಬಸ್ಸಿನಲ್ಲಿ ಬೈಂದೂರಿಗೆ ಹೋಗಿ ಒತ್ತಿನೆಣೆ ಗುಡ್ಡ ಹತ್ತಿದೆವು. ಸೂರ್ಯಾಸ್ತಕ್ಕೆ ಹೆಸರಾದ ಜಾಗ, ನಮಗೆ ಸೂರ್ಯ ಕಾಣಲೇ ಇಲ್ಲ. ಆದರೆ ದೂರದ ಕಡಲಿನ ಮೇಲೆ ಮಳೆ ಬೂದಿ ಬಣ್ಣದ ಪರದೆಯ ಹಾಗೆ ನಡೆದು ಬಂದು, ಕೆಳಗಿನ ಸೋಮೇಶ್ವರ ಬೀಚ್ ದಾಟಿ, ನಮ್ಮ ಮೈಗೆ ತಾಗುವವರೆಗೆ ನೋಡುತ್ತಾ ನಿಂತೆವು. ಮುರುಡೇಶ್ವರಕ್ಕೂ ಹೋಗಬೇಕು ಅಂದುಕೊಂಡಿದ್ದೆವು, 123 ಅಡಿಯ ಶಿವನನ್ನು ನೋಡಬೇಕಿತ್ತು. ಬಿಟ್ಟೆವು. ಎರಡು ದಿನದಲ್ಲಿ ಎಲ್ಲ ಮುಗಿಸುವ ಆತುರ ಬೇಡ ಅನ್ನಿಸಿತು.

ಬಸ್ಸು, ಆಟೋಗೆ 700. ಹೋದ ಅಡ್ವಾನ್ಸ್ ಸೇರಿಸಿದರೂ ಒಟ್ಟು 5,600 ಆಯಿತು.

ಈಜಬೇಕು, ಬೋಟಿಂಗ್ ಬೇಕು, ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡಬೇಕು ಅನ್ನುವವರು ಈ ತಿಂಗಳು ಹೋಗಬೇಡಿ, ಏನೂ ನಡೆಯುವುದಿಲ್ಲ. ಬೀಚಿನ ಅಂಗಡಿಗಳೂ ಹೆಚ್ಚಿನವು ಮುಚ್ಚಿರುತ್ತವೆ. ಪುಟ್ಟ ಮಕ್ಕಳಿದ್ದರೂ ಕಷ್ಟ. ಮೊದಲ ರಾತ್ರಿ ಒಂಬತ್ತಕ್ಕೆ ಹೋದ ಕರೆಂಟ್ ಬಂದಿದ್ದು ಬೆಳಿಗ್ಗೆ. ಪವರ್ ಬ್ಯಾಂಕ್ ಇರಲಿ. ರಾತ್ರಿಯಿಡೀ ಹಂಚಿನ ಮೇಲೆ ಮಳೆ, ತೋಟದಲ್ಲಿ ಧೊಪ್ ಅಂತ ಬೀಳುವ ತೆಂಗಿನಕಾಯಿ. ನನಗೆ ಮೊದಲು ಭಯವಾಯಿತು, ಆಮೇಲೆ ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ.

ರೂಮ್ ಹುಡುಕುವವರಿಗೆ ಒಂದು ಮಾತು: ಮಳೆಗಾಲದಲ್ಲಿ ಇಲ್ಲಿ ಜನ ಕಡಿಮೆ, ಕೋಣೆಗಳು ಖಾಲಿ ಇರುತ್ತವೆ. ಮೊದಲೇ ದುಡ್ಡು ಕಟ್ಟಬೇಡಿ. ಹೋಗಿ, ದಿಂಬು ಮುಟ್ಟಿ, ಕಿಟಕಿ ತೆಗೆದು ನೋಡಿ, ಆಮೇಲೆ ಕೊಡಿ. ಮನೆಯೂಟ ಸಿಗುವ ಕಡೆ ಉಳಿದರೆ, ಗಂಜಿ ಬೇಕು ಅಂತ ಹಿಂದಿನ ರಾತ್ರಿಯೇ ಹೇಳಿಬಿಡಿ.